ಶ್ರೇಣಿ ‘ಎ’, ಓದು ಎರಡನೇ ತರಗತಿಯದು: ಪ್ರಗತಿ ಪತ್ರ ಹೇಳದ ಸತ್ಯ

ಪ್ರತಿ ವರ್ಷ ಏಪ್ರಿಲ್ ಎರಡನೇ ವಾರ ಬಂತೆಂದರೆ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಒಂದೇ ದೃಶ್ಯ. ಪ್ರಗತಿ ಪತ್ರವನ್ನು ಕೈಗೆತ್ತಿಕೊಂಡ ಪೋಷಕರ ಕಣ್ಣು ಮೊದಲು ಹೋಗುವುದು ಶ್ರೇಣಿಯ ಕಾಲಂ ಕಡೆಗೆ. ಅಲ್ಲಿ ‘ಎ’ ಇದ್ದರೆ ಸಮಾಧಾನ, ‘ಬಿ’ ಇದ್ದರೆ ಟ್ಯೂಷನ್ನಿನ ಯೋಚನೆ, ‘ಸಿ’ ಇದ್ದರೆ ಮಗುವಿಗೆ ಮನೆಯಲ್ಲಿ ಮಂಗಳಾರತಿ. ಆದರೆ ಆ ಒಂದು ಅಕ್ಷರ ಹೇಳುವುದೇನು, ಹೇಳದೆ ಬಿಡುವುದೇನು ಎಂದು ಕೇಳುವವರು ವಿರಳ.

ಪ್ರಾಥಮಿಕ ಶಾಲೆಯ ಮಗುವಿನ ಕಲಿಕೆಯನ್ನು ಅಳೆಯಲು ಇಂದು ಹತ್ತಾರು ಮಾನದಂಡಗಳಿವೆ. ಶಾಲೆ ನೀಡುವ ಶ್ರೇಣಿ, ಕೇಂದ್ರ ಸರ್ಕಾರದ ಸಮೀಕ್ಷೆ, ಸ್ವಯಂಸೇವಾ ಸಂಸ್ಥೆಯ ವರದಿ, ಮಂಡಳಿಯ ಮೌಲ್ಯಾಂಕನ ಹೀಗೆ ಪಟ್ಟಿ ಬೆಳೆಯುತ್ತದೆ. ಇಷ್ಟಾದರೂ ‘ನಮ್ಮ ಮಗು ಈಗ ಯಾವ ಮಟ್ಟದಲ್ಲಿದೆ, ಕಳೆದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದೆ’ ಎಂಬ ಸರಳ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರವಿಲ್ಲ. ಶ್ರೇಣಿ ಮತ್ತು ಮಟ್ಟ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆಯೇ ಈ ಗೊಂದಲದ ಮೂಲ.

ಶ್ರೇಣಿಯ ಲೆಕ್ಕಾಚಾರ

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ನಂತರ ರಾಜ್ಯದ ಶಾಲೆಗಳಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ನೆಲೆಯೂರಿತು. ಇದರಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಗೆ ತಲಾ ಶೇ 15ರಂತೆ 60, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿಗೆ ತಲಾ ಶೇ 20ರಂತೆ 40 ಎಂಬ ಹಂಚಿಕೆ ಇದೆ. ಒಟ್ಟು ಶೇ 90ಕ್ಕೆ ಮೇಲ್ಪಟ್ಟರೆ ‘ಎ ಪ್ಲಸ್’, 70ರಿಂದ 89 ‘ಎ’, 50ರಿಂದ 69 ‘ಬಿ ಪ್ಲಸ್’, 30ರಿಂದ 49 ‘ಬಿ’, ಅದಕ್ಕೂ ಕಡಿಮೆಯಾದರೆ ‘ಸಿ’.

ವರ್ಷಾಂತ್ಯದ ಒಂದೇ ಪರೀಕ್ಷೆಯ ಭಯದಿಂದ ಮಗುವನ್ನು ಬಿಡಿಸುವ ಈ ಪದ್ಧತಿಯ ಆಶಯ ಸರಿಯಾದುದೇ. ಆದರೆ ಶ್ರೇಣಿ ಅಳೆಯುವುದು ಆ ತರಗತಿಯ ಪಾಠಗಳನ್ನು ಆಧರಿಸಿದ ಚಟುವಟಿಕೆ, ಯೋಜನಾ ಕಾರ್ಯ ಮತ್ತು ಪರೀಕ್ಷೆಗಳಲ್ಲಿ ಮಗು ತೋರಿದ ಸಾಧನೆಯನ್ನು ಮಾತ್ರ. ಪಾಠದ ಕೊನೆಯ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಬರೆದ ಮಗುವಿಗೆ ಉತ್ತಮ ಶ್ರೇಣಿ ದೊರೆಯಬಹುದು. ಅದೇ ಮಗುವಿನ ಮುಂದೆ ಹಿಂದೆಂದೂ ಕಾಣದ ಒಂದು ಪುಟ್ಟ ಕತೆಯನ್ನು ಇಟ್ಟರೆ ತಡವರಿಸಲೂಬಹುದು. ಶ್ರೇಣಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಮಟ್ಟ ಎಂದರೆ ಏಣಿಯ ಮೆಟ್ಟಿಲು

ಮಟ್ಟದ ಪರಿಕಲ್ಪನೆ ಇದಕ್ಕಿಂತ ಭಿನ್ನ. ಮಗು ಯಾವ ತರಗತಿಯಲ್ಲಿ ಕುಳಿತಿದೆ ಎಂಬುದನ್ನು ಬದಿಗಿರಿಸಿ, ಏನನ್ನು ಸ್ವತಂತ್ರವಾಗಿ ಮಾಡಬಲ್ಲದು ಎಂಬುದನ್ನು ಅದು ನೋಡುತ್ತದೆ. 2005ರಲ್ಲಿ ಆರಂಭವಾದ, ಪ್ರಥಮ್ ಸಂಸ್ಥೆಯ ನೆರವಿನ ‘ಅಸರ್’ ಸಮೀಕ್ಷೆ ಈ ವಿಧಾನವನ್ನು ಮನೆಮಾತಾಗಿಸಿತು. ಸಮೀಕ್ಷಕರು ಗ್ರಾಮೀಣ ಪ್ರದೇಶದ ಮನೆಗಳಿಗೇ ತೆರಳಿ ಒಬ್ಬೊಬ್ಬ ಮಗುವಿನಿಂದಲೂ ಓದಿಸುತ್ತಾರೆ. ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ಪುಟ್ಟ ವಾಕ್ಯವೃಂದ, ಎರಡನೇ ತರಗತಿಯ ಮಟ್ಟದ ಕತೆ ಇವು ಅದರ ಮೆಟ್ಟಿಲುಗಳು. ಗಣಿತದಲ್ಲಿ ಒಂದಂಕಿ, ಎರಡಂಕಿ ಸಂಖ್ಯೆಗಳ ಗುರುತಿಸುವಿಕೆ, ದಶಕ ತೆಗೆದುಕೊಂಡು ಮಾಡುವ ವ್ಯವಕಲನ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

2025ರ ಜನವರಿಯಲ್ಲಿ ಬಿಡುಗಡೆಯಾದ 2024ರ ವರದಿಯ ಪ್ರಕಾರ, ದೇಶದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 48.8 ಮಾತ್ರ. ಭಾಗಾಕಾರ ಮಾಡಬಲ್ಲವರು ಶೇ 30.7. ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರ ಪ್ರಮಾಣ 2018ರಲ್ಲಿ ಶೇ 27.3 ಇದ್ದದ್ದು, ಕೋವಿಡ್ ನಂತರ 2022ರಲ್ಲಿ ಶೇ 20.5ಕ್ಕೆ ಕುಸಿದು, 2024ರಲ್ಲಿ ಶೇ 27.1ಕ್ಕೆ ಚೇತರಿಸಿಕೊಂಡಿದೆ. ಮೂರನೇ ತರಗತಿಯ ಮಟ್ಟಿಗೆ ಖಾಸಗಿ ಶಾಲೆಗಳ ಸ್ಥಿತಿ ಸರ್ಕಾರಿ ಶಾಲೆಗಳಿಗಿಂತ ಮೇಲಾದರೂ ಅರ್ಧದಷ್ಟು ಮಕ್ಕಳನ್ನೂ ಮುಟ್ಟಿಲ್ಲ ಎಂಬುದು ಗಮನಾರ್ಹ. ‘ಅಸರ್’ ನಗರಗಳಿಗೆ ಕಾಲಿಡುವುದಿಲ್ಲವೆಂಬ ಕಾರಣಕ್ಕೆ ಇದು ಹಳ್ಳಿಯ ಸಮಸ್ಯೆ ಎಂದು ಪಟ್ಟಣಿಗರು ನಿರಾಳರಾಗುವಂತಿಲ್ಲ. ಶುಲ್ಕ ಹೆಚ್ಚಿರುವ ಶಾಲೆಯ ಹೊಳಪಿನ ಪ್ರಗತಿ ಪತ್ರವೂ ಮಗುವಿನ ಓದಿನ ಮಟ್ಟವನ್ನು ಪ್ರತ್ಯೇಕವಾಗಿ ಹೇಳದಿದ್ದರೆ ಅಲ್ಲಿಯೂ ಇದೇ ಪ್ರಶ್ನೆ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇಂಥ ಸಮೀಕ್ಷೆಗಳು ಹೇಳುವುದು ರಾಜ್ಯ ಅಥವಾ ಜಿಲ್ಲೆಯ ಸರಾಸರಿಯನ್ನು. 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆದ ‘ಪರಖ್’ ರಾಷ್ಟ್ರೀಯ ಸಮೀಕ್ಷೆಯೂ ಮಾದರಿ ಶಾಲೆಗಳನ್ನು ಆಯ್ದುಕೊಂಡು ನಡೆಸಿದ್ದೇ. ನೀತಿ ನಿರೂಪಕರಿಗೆ ಇವು ದಿಕ್ಸೂಚಿ. ಒಂದು ನಿರ್ದಿಷ್ಟ ಮಗುವಿನ ಬಗ್ಗೆ ಇವು ಏನನ್ನೂ ಹೇಳಲಾರವು.

‘ನಿರೀಕ್ಷಿತ ಪ್ರಗತಿ’ ಎಂದರೆ ಎಷ್ಟು?

2021ರ ಜುಲೈ 5ರಂದು ಆರಂಭವಾದ ‘ನಿಪುಣ್ ಭಾರತ್’ ಅಭಿಯಾನ ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಕೊಟ್ಟಿತು. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸರಳ ಪದಗಳ ಅಪರಿಚಿತ ವಾಕ್ಯವನ್ನು ಓದುವುದು, ಎರಡನೇ ತರಗತಿಯ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದರ ಕೊನೆಗೆ ಅರ್ಥ ಸಹಿತ ಕನಿಷ್ಠ 60 ಪದ. ಸಂಖ್ಯಾಜ್ಞಾನದಲ್ಲಿ ಕ್ರಮವಾಗಿ 99, 999 ಮತ್ತು 9999ರವರೆಗೆ ಓದಿ ಬರೆಯುವುದು. 2026-27ರ ವೇಳೆಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಇದನ್ನು ಸಾಧಿಸಬೇಕೆಂಬುದು ಗುರಿ.

ಗುರಿ ಸ್ಪಷ್ಟವಾಗಿದೆ. ಆದರೆ ಅದನ್ನು ಕನ್ನಡದ ಮಗುವಿಗೆ ಯಾಂತ್ರಿಕವಾಗಿ ಅನ್ವಯಿಸುವಾಗ ತೊಡಕುಂಟು. ಹಿಂದಿಯಲ್ಲಿ ‘ಘರ್ ಮೇ’ ಎಂಬ ಎರಡು ಪದ ಕನ್ನಡದಲ್ಲಿ ‘ಮನೆಯಲ್ಲಿ’ ಎಂಬ ಒಂದೇ ಪದ. ಪ್ರತ್ಯಯಗಳನ್ನು ಹೊತ್ತ ಕನ್ನಡದ ಪದ ಉದ್ದವಾಗಿರುವುದರಿಂದ ನಿಮಿಷಕ್ಕೆ ಓದುವ ಪದಗಳ ಸಂಖ್ಯೆ ಸಹಜವಾಗಿಯೇ ಕಡಿಮೆಯಾಗುತ್ತದೆ. ಕಾಗುಣಿತ, ಒತ್ತಕ್ಷರಗಳ ಹೊರೆಯೂ ಇದೆ. ಮಕ್ಕಳ ಕನ್ನಡ ಓದಿನ ಕುರಿತು ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನ ಪೂರ್ಣಗೊಳ್ಳಲು ಮೊದಲ ಒಂದೆರಡು ವರ್ಷ ಸಾಲದು, ಅದು ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ ಎಂಬುದನ್ನು ತೋರಿಸಿತ್ತು. 2022ರಲ್ಲಿ 20 ಭಾಷೆಗಳಲ್ಲಿ ನಡೆದ ಬುನಾದಿ ಕಲಿಕಾ ಅಧ್ಯಯನವು ಓದಿನ ಮಾನದಂಡವನ್ನು ಭಾಷೆವಾರು ಪ್ರತ್ಯೇಕವಾಗಿಯೇ ನಿಗದಿಪಡಿಸಿದ್ದು ಈ ಕಾರಣಕ್ಕೆ. ಆದ್ದರಿಂದ ಗಡಿಯಾರ ಹಿಡಿದು ಮಗುವಿನ ಮುಂದೆ ಕೂರುವ ಪೋಷಕರು ಮೊದಲು ಅರ್ಥವನ್ನೂ ಆಮೇಲೆ ವೇಗವನ್ನೂ ನೋಡುವುದು ಒಳಿತು.

ಪ್ರಗತಿಯನ್ನು ಎಲ್ಲಿಂದ ಅಳೆಯಬೇಕು ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ನಾಲ್ಕನೇ ತರಗತಿಯ ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳಬಹುದು. ಒಂದು ಮಗು ಜೂನ್‌ನಲ್ಲಿ ಅಕ್ಷರಗಳನ್ನಷ್ಟೇ ಗುರುತಿಸುತ್ತಿದ್ದು, ಮಾರ್ಚ್ ವೇಳೆಗೆ ವಾಕ್ಯವೃಂದ ಓದುವಂತಾಯಿತು. ಇನ್ನೊಂದು ಮಗು ಜೂನ್‌ನಲ್ಲಿಯೇ ಕತೆ ಓದುತ್ತಿತ್ತು, ಮಾರ್ಚ್‌ನಲ್ಲಿಯೂ ಅಲ್ಲಿಯೇ ನಿಂತಿದೆ. ಪ್ರಗತಿ ಪತ್ರದಲ್ಲಿ ಮೊದಲನೆಯದಕ್ಕೆ ‘ಬಿ’, ಎರಡನೆಯದಕ್ಕೆ ‘ಎ’. ವಾಸ್ತವದಲ್ಲಿ ಆ ವರ್ಷ ಹೆಚ್ಚು ದೂರ ನಡೆದದ್ದು ಮೊದಲ ಮಗು. ಅದರ ಶಿಕ್ಷಕರ ಶ್ರಮಕ್ಕೂ ಮಗುವಿನ ಛಲಕ್ಕೂ ಆ ಪತ್ರದಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ಇಂಗ್ಲೆಂಡಿನ ಪಾಠ

ಮಟ್ಟಗಳ ಪದ್ಧತಿಯೂ ದೋಷಮುಕ್ತವೇನಲ್ಲ ಎಂಬುದಕ್ಕೆ ಇಂಗ್ಲೆಂಡಿನ ಅನುಭವವೇ ಸಾಕ್ಷಿ. 1988ರ ಶಿಕ್ಷಣ ಸುಧಾರಣಾ ಕಾಯ್ದೆಯ ನಂತರ ಅಲ್ಲಿ ಮಟ್ಟಗಳ ಏಣಿಯೊಂದು ಜಾರಿಗೆ ಬಂತು. ಏಳು ವರ್ಷದ ಸಾಮಾನ್ಯ ಮಗು ಎರಡನೇ ಮಟ್ಟ, ಹನ್ನೊಂದು ವರ್ಷದ್ದು ನಾಲ್ಕನೇ ಮಟ್ಟ ತಲಪುತ್ತದೆ ಎಂಬುದು ಮೂಲ ಲೆಕ್ಕಾಚಾರ. ಕಾಲಕ್ರಮೇಣ ಸಾಮಾನ್ಯ ಮಗುವಿನ ಮಟ್ಟವೇ ಎಲ್ಲ ಮಕ್ಕಳೂ ಮುಟ್ಟಲೇಬೇಕಾದ ಗೆರೆಯಾಯಿತು. ಮಟ್ಟಗಳೊಳಗೆ ‘ಎ’, ‘ಬಿ’, ‘ಸಿ’ ಎಂಬ ಉಪಮಟ್ಟಗಳು ಹುಟ್ಟಿದವು. ಟಿಮ್ ಓಟ್ಸ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರಲ್ಲಿ, ಮಕ್ಕಳು ತಮ್ಮನ್ನು ತಾವೇ ಒಂದು ಮಟ್ಟದ ಹಣೆಪಟ್ಟಿಯಿಂದ ಗುರುತಿಸಿಕೊಳ್ಳುವಂತಾಗಿದೆ ಎಂದು ಆಕ್ಷೇಪಿಸಿತು. 2014ರ ಸೆಪ್ಟೆಂಬರ್‌ನಿಂದ ಮಟ್ಟಗಳನ್ನು ಕೈಬಿಡಲಾಯಿತು. ಹನ್ನೊಂದರ ವಯಸ್ಸಿನ ಪರೀಕ್ಷೆಗೆ 2016ರಿಂದ 80ರಿಂದ 120ರವರೆಗಿನ ಅಂಕಮಾನ ಬಂದಿದ್ದು, 100 ಎಂಬುದು ನಿರೀಕ್ಷಿತ ಗುಣಮಟ್ಟ. ಮಟ್ಟ ಎಂಬುದು ಮುಂದೇನು ಕಲಿಸಬೇಕೆಂದು ಶಿಕ್ಷಕರಿಗೆ ಹೇಳುವ ಗುರುತು. ಅದೇ ಮಗುವಿನ ಹೆಸರಾಗಿಬಿಟ್ಟರೆ ಅಪಾಯ.

ಏಣಿ ಮುಗಿಯುವ ಜಾಗ

ಕರ್ನಾಟಕಕ್ಕೆ ಈ ವಿಷಯ ಹೊಸತಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದ ‘ನಲಿ ಕಲಿ’ಯ ಜೀವಾಳವೇ ಕಲಿಕಾ ಏಣಿ. ಮಗು ತನ್ನದೇ ವೇಗದಲ್ಲಿ ಒಂದೊಂದು ಮೈಲಿಗಲ್ಲು ದಾಟುತ್ತದೆ. ರಜೆ ಹಾಕಿದ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಯಾವ ಮಗು ಎಲ್ಲಿದೆ ಎಂಬುದು ಗೋಡೆಯ ಮೇಲಿನ ನಕ್ಷೆಯಲ್ಲಿ ಕಾಣುತ್ತದೆ.

ಆದರೆ ಏಣಿ ನಿಲ್ಲುವುದು ಆರಂಭಿಕ ತರಗತಿಗಳಲ್ಲೇ. ನಾಲ್ಕನೇ ತರಗತಿಗೆ ಕಾಲಿಡುತ್ತಿದ್ದಂತೆ ಕಾರ್ಡುಗಳ ಜಾಗದಲ್ಲಿ ಪಠ್ಯಪುಸ್ತಕ, ಗುಂಪುಗಳ ಜಾಗದಲ್ಲಿ ಸಾಲು ಬೆಂಚು. ಪಠ್ಯ ಎಲ್ಲರಿಗೂ ಒಂದೇ ವೇಗದಲ್ಲಿ ಸಾಗುತ್ತದೆ. ಏಣಿಯ ಅರ್ಧದಲ್ಲಿದ್ದ ಮಗು ಕೂಡ ಮುಂದಿನ ತರಗತಿಗೆ ಬರುತ್ತದೆ, ಅದು ನಿಂತಿದ್ದ ಮೆಟ್ಟಿಲಿನ ವಿವರ ಮಾತ್ರ ಜೊತೆಗೆ ಬರುವುದಿಲ್ಲ. 4 ಮತ್ತು 5ನೇ ತರಗತಿಯ ಮಕ್ಕಳನ್ನು ಓದಿನ ಮಟ್ಟದ ಆಧಾರದಲ್ಲಿ ಗುಂಪು ಮಾಡಿ ಕಲಿಸಿದ ‘ಓದು ಕರ್ನಾಟಕ’, ಕೋವಿಡ್ ನಂತರ 2022-23ರ ‘ಕಲಿಕಾ ಚೇತರಿಕೆ’ ಈ ಬಿರುಕನ್ನು ಮುಚ್ಚಲು ನಡೆದ ಯತ್ನಗಳು. ಇವು ಕಾರ್ಯಕ್ರಮಗಳಾಗಿ ಬಂದವೇ ಹೊರತು ಪ್ರಗತಿ ಪತ್ರದ ಸ್ವರೂಪವನ್ನು ಬದಲಿಸಲಿಲ್ಲ.

ನ್ಯಾಯಾಲಯದಲ್ಲಿ ಕೇಳದ ಪ್ರಶ್ನೆ

ಇದೇ ಅವಧಿಯಲ್ಲಿ ಸಾರ್ವಜನಿಕ ಚರ್ಚೆಯೆಲ್ಲ ಪರೀಕ್ಷೆ ಬೇಕೋ ಬೇಡವೋ ಎಂಬುದರ ಸುತ್ತ ಸುತ್ತಿತು. ಐದು ಮತ್ತು ಎಂಟನೇ ತರಗತಿಗಳಿಗೆ ಮಂಡಳಿ ಮಟ್ಟದ ಮೌಲ್ಯಾಂಕನ ನಡೆಸುವ ಸರ್ಕಾರದ ನಿರ್ಧಾರವನ್ನು ಹೈಕೋರ್ಟಿನ ಏಕಸದಸ್ಯ ಪೀಠ 2023ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ವಿಭಾಗೀಯ ಪೀಠದ ಆದೇಶದಿಂದ ಪರೀಕ್ಷೆ ನಡೆಯಿತು. ಮರುವರ್ಷ ಅದೇ ಕತೆ ಪುನರಾವರ್ತನೆಯಾಗಿ, 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಣೆಗೆ ತಡೆ ನೀಡಿತು. ಬರೆದ ಮಕ್ಕಳು ತಮ್ಮ ಫಲಿತಾಂಶಕ್ಕಾಗಿ ಕಾಯುವಂತಾಯಿತು.

ಮಕ್ಕಳ ಮೇಲಿನ ಒತ್ತಡ, ಕಾಯ್ದೆಯ ವ್ಯಾಪ್ತಿ ಇವೆಲ್ಲ ಗಂಭೀರ ವಿಚಾರಗಳೇ. ಆದರೆ ಪರೀಕ್ಷೆ ಬರೆದ ಐದನೇ ತರಗತಿಯ ಮಗು ಎರಡನೇ ತರಗತಿಯ ಮಟ್ಟದಲ್ಲಿದೆ ಎಂದು ತಿಳಿದ ಮೇಲೆ ಮರುದಿನ ಬೆಳಿಗ್ಗೆ ಆ ಮಗುವಿಗೆ ಯಾರು, ಯಾವ ಅವಧಿಯಲ್ಲಿ, ಏನನ್ನು ಕಲಿಸಬೇಕು ಎಂಬ ಪ್ರಶ್ನೆ ಪರ ವಿರೋಧಗಳೆರಡರ ವಾದದಲ್ಲೂ ಹಿಂದೆ ಸರಿಯಿತು. ರೋಗ ಪತ್ತೆಯಾದರೂ ಔಷಧದ ಚೀಟಿ ಬರೆಯದಿದ್ದರೆ ಪತ್ತೆಯಿಂದ ಪ್ರಯೋಜನವೇನು?

ಮನೆಯಲ್ಲೇ ಹತ್ತು ನಿಮಿಷ

ವ್ಯವಸ್ಥೆ ಬದಲಾಗುವವರೆಗೆ ಪೋಷಕರು ಕಾಯಬೇಕಿಲ್ಲ. ಮಗುವಿನ ತರಗತಿಗಿಂತ ಒಂದೆರಡು ತರಗತಿ ಕೆಳಗಿನ, ಮಗು ಓದಿರದ ಪುಸ್ತಕದಿಂದ ಏಳೆಂಟು ವಾಕ್ಯಗಳ ಕತೆಯನ್ನು ಗಟ್ಟಿಯಾಗಿ ಓದಿಸಬೇಕು. ಒಂದೆರಡು ತಪ್ಪು ಸಹಜ. ವಾಕ್ಯವನ್ನು ವಾಕ್ಯವಾಗಿ ಓದುತ್ತದೆಯೋ, ಅಕ್ಷರ ಜೋಡಿಸುತ್ತ ನಿಲ್ಲುತ್ತದೆಯೋ ಎಂಬುದು ಗಮನಿಸಬೇಕಾದದ್ದು. ನಂತರ ಪುಸ್ತಕ ಮುಚ್ಚಿ ಕತೆಯನ್ನು ಸ್ವಂತ ಮಾತಿನಲ್ಲಿ ಹೇಳಿಸಬೇಕು. ಗಣಿತಕ್ಕೆ ದಶಕ ತೆಗೆದುಕೊಳ್ಳುವ ಎರಡು ವ್ಯವಕಲನ, ದೊಡ್ಡ ಮಕ್ಕಳಾದರೆ ಒಂದು ಭಾಗಾಕಾರ ಸಾಕು. ಫಲಿತಾಂಶವನ್ನು ದಿನಾಂಕ ಸಹಿತ ಬರೆದಿಟ್ಟು ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಹೋಲಿಕೆ ಮಗುವಿನ ನಿನ್ನೆಯೊಂದಿಗೆ ಇರಲಿ, ಪಕ್ಕದ ಮನೆಯ ಮಗುವಿನೊಂದಿಗೆ ಬೇಡ. ಶಾಲೆಯ ಸಭೆಯಲ್ಲಿ ‘ಎಷ್ಟು ಅಂಕ’ ಎಂದು ಕೇಳುವ ಬದಲು ‘ಜೂನ್‌ನಲ್ಲಿ ಎಲ್ಲಿತ್ತು, ಈಗ ಎಲ್ಲಿದೆ, ಮುಂದಿನ ಹೆಜ್ಜೆ ಯಾವುದು’ ಎಂದು ಕೇಳಿದರೆ ಶಿಕ್ಷಕರೂ ಆ ದಿಕ್ಕಿನಲ್ಲಿ ಯೋಚಿಸತೊಡಗುತ್ತಾರೆ.

ಸರ್ಕಾರ ಮಾಡಬಹುದಾದದ್ದೂ ದೊಡ್ಡ ಖರ್ಚಿನ ಬಾಬತ್ತಲ್ಲ. ಪ್ರಗತಿ ಪತ್ರದಲ್ಲಿ ಶ್ರೇಣಿಯ ಪಕ್ಕದಲ್ಲಿ ಓದು ಮತ್ತು ಲೆಕ್ಕದ ಮಟ್ಟಕ್ಕೆ, ವರ್ಷದ ಆರಂಭಕ್ಕೊಂದು ಕೊನೆಗೊಂದರಂತೆ ಎರಡು ಕಾಲಂ ಸೇರಿಸಬೇಕು. ಆ ದಾಖಲೆ ಮಗುವಿನೊಂದಿಗೆ ಮುಂದಿನ ತರಗತಿಗೆ, ಬೇರೆ ಶಾಲೆಗೆ ಸಾಗಬೇಕು. ನಾಲ್ಕು ಮತ್ತು ಐದನೇ ತರಗತಿಗಳಲ್ಲಿ ದಿನಕ್ಕೊಂದು ಅವಧಿಯನ್ನು ಮಟ್ಟಕ್ಕನುಗುಣವಾದ ಕಲಿಕೆಗೆ ಮೀಸಲಿಡಬೇಕು. ಹಾಗಾದಾಗ ಹಿಂದುಳಿದ ಮಗು ಯಾವ ಮೆಟ್ಟಿಲಿನಲ್ಲಿ ಕಾಯುತ್ತಿದೆ ಎಂಬುದು ಹೊಸ ಶಿಕ್ಷಕರಿಗೆ ಮೊದಲ ದಿನವೇ ತಿಳಿಯುತ್ತದೆ.