ಉಂಡು ಮಲಗಿದ ಮೇಲೆ

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಏಳನೆಯ ತರಗತಿಯ ಮಕ್ಕಳಿಂದ ಎಷ್ಟು ವರ್ಷ ವಿಸ್ತರಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಈಗ ಬರೆಸುವುದಿಲ್ಲ. ಉಂಡು ಮಲಗಿದ ಮೇಲೆಯೇ ಏಟು ಬೀಳುವ ಮನೆಗಳಿವೆಯೆಂದು ನನಗೆ ಗೊತ್ತಾದದ್ದು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಯಿಂದ.

ಮೊದಲ ಸಲ ಆಕೆ ಶಾಲೆಗೆ ಬಂದು ಕಣ್ಣೀರಿಟ್ಟಾಗ, "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ" ಎಂದು ಬುದ್ಧಿ ಹೇಳಿ ಕಳಿಸಿದವಳು ನಾನೇ. ಎರಡನೆಯ ಸಲ ಬಂದಾಗ ಕೈಗೆ ಪ್ಲಾಸ್ಟರ್ ಕಟ್ಟಿತ್ತು. "ಹೊಂದಿಕೊಂಡೆ ಟೀಚರ್" ಎಂದಳು. ನನ್ನ ಬಿ.ಎ., ಬಿ.ಎಡ್.ನಲ್ಲಿ ಆ ಮಾತಿಗೆ ಉತ್ತರವಿರಲಿಲ್ಲ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರದು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಗಂಡನನ್ನು ಜೈಲಿಗೆ ಹಾಕಿಸುವ ಕಾಯ್ದೆ ಎನ್ನುವವರು ಅದನ್ನು ಓದಿಲ್ಲ. ಹೆಣ್ಣು ಅಲ್ಲಿ ಕೇಳುವುದಿಷ್ಟೇ: ಹೊಡೆಯಬೇಡ, ಬೆದರಿಸಬೇಡ, ದುಡಿಯುವ ಜಾಗಕ್ಕೆ ಬಂದು ರಂಪ ಮಾಡಬೇಡ, ಇದ್ದ ಮನೆಯಿಂದ ಹೊರಗೆ ದಬ್ಬಬೇಡ. ಮನೆ ಅವಳ ಹೆಸರಿನಲ್ಲೇ ಇರಬೇಕೆಂದಿಲ್ಲ. ಅತ್ತೆ ಮಾವನ ಹೆಸರಿನ ಮನೆಯಾದರೂ, ಸೊಸೆ ಅಲ್ಲಿ ಸಂಸಾರ ಹೂಡಿ ಬಾಳಿದ್ದರೆ, ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಈ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸೆರೆ, ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗೆ ಜೈಲಿಗೆ ಹೋದವನು ತನ್ನ ಕಾಲ ಮೇಲೆ ತಾನೇ ನಡೆದು ಹೋದವನು.

ನನ್ನ ತಕರಾರು ಕಾಯ್ದೆಯ ಮೇಲಲ್ಲ, ಅದನ್ನು ನಡೆಸುವ ರೀತಿಯ ಮೇಲೆ. ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ಇತ್ಯರ್ಥಕ್ಕೆ ಯತ್ನ ಎಂದು ಬರೆದಿದೆ. ತುರ್ತಿದ್ದರೆ ಗಂಡನ ಮಾತು ಕೇಳುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ನಾವು ಅಲೆದದ್ದು ಏಳು ತಿಂಗಳು. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಕೆಲಸವನ್ನೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗೇ ಹಾಕಿದ್ದಾರೆ. ಅಂಗನವಾಡಿಗಳ ಲೆಕ್ಕಪತ್ರ ಮುಗಿಸಿ ಅವರು ಹಿಂಸೆಯ ವರದಿ ಬರೆಯಬೇಕು. ಠಾಣೆಯಲ್ಲಿ, "ಮನೆ ಮಾತು ಬೀದಿಗೆ ತರ್ತೀರೇನಮ್ಮಾ?" ಎಂದರು. ಉಚಿತ ವಕೀಲರ ನೆರವು ಆಕೆಯ ಹಕ್ಕು. ಅದನ್ನು ಹೇಳುವುದು ಪೊಲೀಸರ ಕರ್ತವ್ಯವೆಂದು ಕಾಯ್ದೆಯ 5ನೆಯ ಸೆಕ್ಷನ್ನಿನಲ್ಲೇ ಇದೆ. ಯಾರೂ ಹೇಳಲಿಲ್ಲ. ನೋಟಿಸು ಜಾರಿಯಾಗಿಲ್ಲವೆಂದು ಮತ್ತೊಂದು ತಾರೀಖು. ಒಂದೊಂದು ತಾರೀಖಿಗೂ ಆಕೆಯ ಒಂದು ದಿನದ ಕೂಲಿ ಹೋಯಿತು. ರಾತ್ರಿಯಾದರೆ ಅದೇ ಮನೆ, ಅದೇ ಗಂಡ.

ಕೊನೆಗೆ ಆದೇಶ ಸಿಕ್ಕಿತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿಟ್ಟಿದ್ದಾಳೆ. ಗಂಡ ಸಂತನಾಗಿಲ್ಲ, ಕೈ ಎತ್ತುವುದು ನಿಂತಿದೆ. ಅವಳ ಮಗಳು ಈಗ ತರಗತಿಯಲ್ಲಿ ತೂಕಡಿಸುವುದಿಲ್ಲ.

ಸಹೋದ್ಯೋಗಿಗಳೇ, ನಾಳೆ ನಿಮ್ಮ ಶಾಲೆಯ ಬಾಗಿಲಲ್ಲೂ ಒಬ್ಬ ತಾಯಿ ಸೆರಗು ಕಣ್ಣಿಗೊತ್ತಿಕೊಂಡು ನಿಲ್ಲುತ್ತಾಳೆ. ಹೊಂದಿಕೊಂಡು ಹೋಗು ಎನ್ನಬೇಡಿ. ಒಂದು ಸಿ.ಎಲ್. ಹಾಕಿ ಅವಳ ಜೊತೆ ಹೋಗಿ.