ಕಡಲಾಚೆಯ ಲೋಟ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಲೋಕ ಅದನ್ನು ಮಜ್ಜಿಗೆಯೆನ್ನುವುದಿಲ್ಲ. ಇಲ್ಲಿಯಂತೂ ಮಾತು ಮಜ್ಜಿಗೆಯದಲ್ಲ, ಬಿಯರಿನದೇ. ಹುಬ್ಬೇರಿಸುವ ಓದುಗರು ಈಗಲೇ ಏರಿಸಿ ಮುಗಿಸಿಬಿಡಲಿ. ಇಂಗ್ಲೆಂಡಿನ ಕರಾವಳಿಯಲ್ಲಿ ಫೆರಿ ಹಡಗು ಹತ್ತಿ, ಕಡಲು ದಾಟಿ, ಬೆಲ್ಜಿಯಮಿನ ಬಿಯರನ್ನು ಅದರ ತವರಿನಲ್ಲಿಯೇ ಕುಡಿದು, ಒಂದೆರಡು ದಿನಗಳಲ್ಲಿ ಹಿಂತಿರುಗುವ ಪದ್ಧತಿ ಆಂಗ್ಲರಲ್ಲಿ ಬಹುಕಾಲದಿಂದ ಉಂಟು. ಇದನ್ನು ಕುಡುಕರ ತೀರ್ಥಯಾತ್ರೆಯೆಂದು ನಕ್ಕು ಬಿಟ್ಟುಬಿಡುವುದು ಸುಲಭ. ಆದರೆ ಈ ಪದ್ಧತಿಯಲ್ಲಿ ಎರಡು ಬಗೆಗಳಿವೆ. ಅವುಗಳಲ್ಲೊಂದು ಉಳಿಯತಕ್ಕದ್ದು, ಇನ್ನೊಂದು ಹೋದರೂ ಅಳತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ವಿಷಾದವೆಂದರೆ, ಉಳಿಯಬೇಕಾದುದರ ದಾರಿಯೇ ಇಂದು ಕಿರಿದಾಗಿದೆ.

ಹೋಗತಕ್ಕದ್ದರ ಮಾತನ್ನು ಮೊದಲು ಮುಗಿಸೋಣ. ಬ್ರಿಟನ್ನಿನಲ್ಲಿ ಬಿಯರಿನ ಮೇಲಿನ ಸುಂಕ ಎದುರುದಡದ ನಾಡುಗಳಿಗಿಂತ ಬಹಳ ಹೆಚ್ಚು. 1993ರಲ್ಲಿ ಯೂರೋಪಿನ ಏಕ ಮಾರುಕಟ್ಟೆ ಜಾರಿಗೆ ಬಂದ ಮೇಲೆ, ಸ್ವಂತ ಬಳಕೆಗೆಂದು ತಂದ ಮದ್ಯಕ್ಕೆ ಮತ್ತೆ ಸುಂಕ ತೆರಬೇಕಾಗಿರಲಿಲ್ಲ. ಒಬ್ಬನ ಪಾಲಿಗೆ 110 ಲೀಟರ್ ಬಿಯರ್ ಎಂಬುದು ಅಧಿಕಾರಿಗಳು ಇಟ್ಟುಕೊಂಡಿದ್ದ ಅಂದಾಜು. ನೂರಹತ್ತು ಲೀಟರನ್ನು ಸ್ವಂತಕ್ಕೆ ಕುಡಿಯುವ ಮಹನೀಯರು ಎಷ್ಟು ಮಂದಿ ಇದ್ದರೋ, ಅಂತೂ ಡೋವರಿನಿಂದ ಒಂದೂವರೆ ಗಂಟೆಯ ದಾರಿಯಾದ ಕ್ಯಾಲೆಗೆ ಬರಿದಾಗಿ ಹೋದ ವ್ಯಾನುಗಳು ಚಕ್ರ ತಗ್ಗುವಷ್ಟು ಪೆಟ್ಟಿಗೆ ಹೇರಿಕೊಂಡು ಮರಳುತ್ತಿದ್ದವು. ಅದು ವ್ಯಾಪಾರ, ಅದರಲ್ಲಿ ರುಚಿಯ ಪ್ರಶ್ನೆಯಿರಲಿಲ್ಲ. ಬ್ರಿಟನ್ನು ಒಕ್ಕೂಟವನ್ನು ಬಿಟ್ಟು 2021ರ ಜನವರಿಯಿಂದ ಸುಂಕವಿಲ್ಲದೆ ತರಬಹುದಾದ ಬಿಯರು 42 ಲೀಟರಿಗೆ ಇಳಿಯಿತು. ಈ ಇಳಿಕೆಗಾಗಿ ಕಣ್ಣೀರು ಹಾಕಲು ನನ್ನಿಂದಾಗದು.

ಅಗ್ಗದ ಪ್ರಯಾಣಕ್ಕೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1987ರ ಮಾರ್ಚ್ 6ರ ಸಂಜೆ ‘ಹೆರಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಫೆರಿ ಬೆಲ್ಜಿಯಮಿನ ಝೀಬ್ರುಗ್ ಬಂದರಿನಿಂದ ಹೊರಟು, ಇನ್ನೂ ದಡ ಕಾಣುತ್ತಿರುವಾಗಲೇ ಮಗುಚಿತು. ವಾಹನಗಳನ್ನು ಒಳಕ್ಕೆ ಬಿಡುವ ಮುಂಬಾಗಿಲನ್ನು ಮುಚ್ಚದೆಯೇ ಹಡಗು ಕಡಲಿಗಿಳಿದಿತ್ತು. ಸತ್ತವರು 193 ಮಂದಿ. ಒಂದು ಪತ್ರಿಕೆ ಓದುಗರಿಗೆ ನೀಡಿದ್ದ ಒಂದು ಪೌಂಡಿನ ಟಿಕೆಟ್ಟಿನಲ್ಲಿ ಆ ದಿನದ ಮಟ್ಟಿಗೆ ಕಡಲಾಚೆ ಹೋಗಿಬರಲೆಂದು ಬಂದವರು ಅವರಲ್ಲಿ ಅನೇಕರು. ಮುಚ್ಚಬೇಕಾದವನು ನಿದ್ರೆಯಲ್ಲಿದ್ದ, ಮುಚ್ಚಿತೆಂದು ನೋಡಬೇಕಾದವನು ನೋಡಲಿಲ್ಲ. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಕಪ್ತಾನನ ಕಟ್ಟೆಗೆ ತಿಳಿಸುವ ಒಂದು ದೀಪವೂ ಇರಲಿಲ್ಲ. ವಿಚಾರಣೆ ನಡೆಸಿದವರು ಕೆಳಗಿನವರನ್ನು ಮಾತ್ರ ದೂರದೆ, ಸಂಸ್ಥೆಯ ಮೇಲಿನ ತುದಿಯವರೆಗೂ ಹರಡಿದ್ದ ಉದಾಸೀನವನ್ನು ಬಯಲಿಗೆಳೆದರು. ಪ್ರಯಾಣ ಕಿರಿದು, ಕಡಲು ಕಿರಿದು ಎಂಬ ಸದರ ಅಲ್ಲಿ ಬಂದಿತ್ತು. ಇದನ್ನು ಮರೆತು ಈ ಯಾತ್ರೆಯ ಗುಣಗಾನ ಮಾಡಕೂಡದು.

ಇನ್ನು ಎರಡನೆಯ ಬಗೆ. ಹೇರಿಕೊಂಡು ತರಲು ಹೋಗುವವನದು ಒಂದು ದಾರಿಯಾದರೆ, ಅಲ್ಲಿಯೇ ಕುಳಿತು ಕುಡಿಯಲು ಹೋಗುವವನದು ಬೇರೊಂದು. ‘ಬಿಯರಿಗಾಗಿ ಅಷ್ಟು ದೂರವೇ? ಅದು ಎಲ್ಲ ಅಂಗಡಿಯಲ್ಲಿಯೂ ಸಿಗುತ್ತದಲ್ಲ’ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ನಿಜ, ಆದರೆ ಎಲ್ಲವೂ ಸಿಗುವುದಿಲ್ಲ. ಬ್ರಸೆಲ್ಸಿನಲ್ಲಿ ಮತ್ತು ಅದಕ್ಕೆ ಸೇರಿದ ಸೆನ್ನ್ ನದಿಯ ಬಯಲಿನಲ್ಲಿ ಲ್ಯಾಂಬಿಕ್ ಎಂಬ ಬಿಯರನ್ನು ಮಾಡುತ್ತಾರೆ. ಬಾರ್ಲಿ, ಗೋಧಿಗಳ ಕುದಿಸಿದ ರಸವನ್ನು ಅಗಲವಾದ ತೊಟ್ಟಿಗೆ ಸುರಿದು ರಾತ್ರಿಯಿಡೀ ತೆರೆದಿಡುತ್ತಾರೆ. ಯಾರೂ ಹುದುಗು ಹಾಕುವುದಿಲ್ಲ. ಗಾಳಿಯಲ್ಲಿರುವುದು ತಾನಾಗಿ ಬಂದು ಕೂಡಿಕೊಳ್ಳುತ್ತದೆ, ನಮ್ಮ ಈಚಲ ಹೆಂಡ ತನ್ನಷ್ಟಕ್ಕೆ ಹುಳಿಯುವ ಹಾಗೆ. ಬೇಸಗೆಯ ಗಾಳಿ ಕೆಡಿಸುತ್ತದೆಂದು ಚಳಿಯ ತಿಂಗಳುಗಳಲ್ಲಿ ಮಾತ್ರ ಈ ಕೆಲಸ. ಅನಂತರ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು, ಒಂದು ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷದ್ದು ಎಂದು ಬೆರಸಿ ಬಾಟಲಿಗೆ ತುಂಬಿದರೆ ಅದು ಗೂಜ್; ಹುಳಿಚೆರಿ ಹಣ್ಣು ಹಾಕಿ ನೆನೆಸಿದರೆ ಕ್ರೀಕ್. ಮೊದಲ ಗುಟುಕಿಗೆ ಮುಖ ಕಿವುಚದವರು ಅಪರೂಪ. 1900ರಿಂದ ನಡೆದುಬಂದಿರುವ ಬ್ರಸೆಲ್ಸಿನ ಕ್ಯಾಂಟಿಯೋನ್ ಮನೆಯಲ್ಲಿ, ಅಟ್ಟದ ಮೇಲಿನ ಆ ತಾಮ್ರದ ತೊಟ್ಟಿಯನ್ನೂ, ಧೂಳು ಹಿಡಿದ ಪೀಪಾಯಿಗಳನ್ನೂ ನೋಡಿ ಅದೇ ಮನೆಯ ಲೋಟವನ್ನು ಕೈಗೆತ್ತಿಕೊಂಡವನಿಗೆ ಆ ಹುಳಿಯ ಅರ್ಥವಾಗುತ್ತದೆ. ಅಂಗಡಿಯ ಕಪಾಟಿನಿಂದ ತೆಗೆದವನಿಗೆ ಅದು ಕೆಟ್ಟುಹೋದ ಬಾಟಲಿಯೆನಿಸಿದರೆ ತಪ್ಪೇನೂ ಇಲ್ಲ.

ಬೆಲ್ಜಿಯಮಿನ ಬಿಯರುಗಳ ತೀಕ್ಷ್ಣತೆಗೆ ಕಾರಣ ಹೇಳುವವರು ಒಂದು ಕಾನೂನಿನತ್ತ ಬೆರಳು ತೋರುತ್ತಾರೆ. 1919ರಲ್ಲಿ ಎಮೀಲ್ ವಾಂಡರ್‌ವೆಲ್ಡ್ ಎಂಬ ಸಮಾಜವಾದಿ ಮಂತ್ರಿ ಕಾರ್ಮಿಕರನ್ನು ಉಳಿಸಬೇಕೆಂಬ ಸದುದ್ದೇಶದಿಂದ, ಭಟ್ಟಿಯಿಳಿಸಿದ ಮದ್ಯವನ್ನು ಪಾನಗೃಹಗಳಲ್ಲಿ ಕೊಡಕೂಡದೆಂದು ವಿಧಿಸಿದ. ಅಂಗಡಿಯಲ್ಲಿ ಕೊಂಡರೂ ಎರಡು ಲೀಟರಿಗೆ ಕಡಿಮೆ ಕೊಳ್ಳುವಂತಿರಲಿಲ್ಲ. ಕೂಲಿಯವನ ಕೈಗೆ ಅದು ಎಟುಕದಿರಲೆಂಬುದೇ ಉಪಾಯ. ಆ ಕಾನೂನು 1983ರವರೆಗೆ ನಡೆಯಿತು. ಕುಡಿಯುವವರು ಸುಮ್ಮನಿದ್ದರೆ? ತೀಕ್ಷ್ಣವಾದುದು ಬೇಕೆಂದವರಿಗೆ ಬಿಯರನ್ನೇ ತೀಕ್ಷ್ಣಗೊಳಿಸಿ ಕೊಟ್ಟರಂತೆ. ಡುವೆಲ್ ಎಂಬ ಪ್ರಸಿದ್ಧ ಬಿಯರಿನಲ್ಲಿ ನೂರಕ್ಕೆ 8.5 ಭಾಗ ಮದ್ಯಸಾರ. ಆ ನಾಡಿನ ಆಡುಮಾತಿನಲ್ಲಿ ಡುವೆಲ್ ಎಂದರೆ ಸೈತಾನನೆಂದೇ ಅರ್ಥ. ಪಾನನಿಷೇಧದ ಕಥೆ ಎಲ್ಲಿಯಾದರೂ ಹೀಗೆಯೇ, ಒಂದು ಬಾಗಿಲಿಗೆ ಅಗುಳಿ ಹಾಕಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ಆದರೆ ಇಲ್ಲಿ ತೆರೆದ ಬಾಗಿಲಿನಿಂದ ನಿಧಾನವಾಗಿ ಕುಡಿಯುವ ಒಂದು ಅಭ್ಯಾಸವೂ ಬಂದಿತೆನ್ನಬೇಕು. ಸಣ್ಣ ಬಾಟಲಿ, ಒಂದೊಂದು ಬಿಯರಿಗೆ ಅದರದೇ ಆಕಾರದ ಲೋಟ, ಜತೆಗೆ ಒಂದು ಚೂರು ಚೀಸ್. ಗೆಂಟ್ ನಗರದ ಒಂದು ಪಾನಗೃಹದಲ್ಲಂತೂ ದೊಡ್ಡ ಲೋಟವನ್ನು ಗಿರಾಕಿ ಎತ್ತಿಕೊಂಡು ಹೋಗದಿರಲೆಂದು ಅವನ ಒಂದು ಪಾದರಕ್ಷೆಯನ್ನು ಒತ್ತೆಯಿರಿಸಿಕೊಂಡು, ಬುಟ್ಟಿಯಲ್ಲಿ ಮಾಳಿಗೆಗೆ ಏರಿಸಿಬಿಡುತ್ತಾರೆ! 2016ರಲ್ಲಿ ಯುನೆಸ್ಕೊ ಈ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಮದ್ಯಸಾರದ ಪ್ರಮಾಣವನ್ನು ನೋಡಿಯಲ್ಲ, ಈ ರೀತಿನೀತಿಗಳನ್ನು ನೋಡಿ.

ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸುವುದು ವೆಸ್ಟ್‌ಫ್ಲೇಟರೆನ್ ಹಳ್ಳಿಯ ಸಂತ ಸಿಕ್ಸ್ಟಸ್ ಮಠದ ಸನ್ಯಾಸಿಗಳ ನಿಲುವು. 1831ರಲ್ಲಿ ಸ್ಥಾಪಿತವಾದ ಈ ಮಠದವರು ಟ್ರಾಪಿಸ್ಟ್ ಪಂಥದವರು. ಬಿಯರು ಮಠದ ಗೋಡೆಯೊಳಗೇ ಆಗಬೇಕು, ಸನ್ಯಾಸಿಗಳ ಮೇಲ್ವಿಚಾರಣೆಯಲ್ಲಿ ಆಗಬೇಕು, ಬಂದ ಹಣ ಮಠದ ಜೀವನಕ್ಕೂ ಧರ್ಮಕಾರ್ಯಕ್ಕೂ ಸಲ್ಲಬೇಕು ಎಂಬುದು ಆ ಪಂಥದ ಕಟ್ಟಳೆ. ಇದು ಬರಿಯ ಮಾತಲ್ಲ. ಆಹೆಲ್ ಎಂಬ ಮಠದಲ್ಲಿ ಸನ್ಯಾಸಿಗಳು ಇಲ್ಲದಂತಾದಾಗ, 2021ರಲ್ಲಿ ಅಲ್ಲಿಯ ಬಿಯರು ಟ್ರಾಪಿಸ್ಟ್ ಮುದ್ರೆಯನ್ನು ಕಳೆದುಕೊಂಡಿತು. ವೆಸ್ಟ್‌ಫ್ಲೇಟರೆನಿನ ಕಪ್ಪು ಬಿಯರು ಜಗತ್ತಿನಲ್ಲೇ ಶ್ರೇಷ್ಠವೆಂದು 2005ರಲ್ಲಿ ರಸಿಕರು ಸಾರಿದಾಗ ಮಠದ ಮುಂದೆ ಕಾರುಗಳ ಸಾಲು ಹತ್ತಿತು. ಬೇರೆ ಯಾರಾದರೂ ಆಗಿದ್ದರೆ ಮರುವರ್ಷವೇ ಹೊಸ ಕಾರ್ಖಾನೆ ಎದ್ದು ನಿಲ್ಲುತ್ತಿತ್ತು. ಇವರು ತಯಾರಿಕೆಯನ್ನು ಹೆಚ್ಚಿಸಲೊಲ್ಲದೆ, ಮೊದಲೇ ಹೆಸರು ಬರೆಸಿ ಬಂದವರಿಗೆ ಮಾತ್ರ, ಮರುಮಾರಾಟ ಮಾಡಕೂಡದೆಂಬ ಕರಾರಿನೊಡನೆ, ಮಠದ ಬಾಗಿಲಲ್ಲಿ ಕೊಡುತ್ತಿದ್ದರು. ಬದುಕುವುದಕ್ಕೆ ಬೇಕಾದಷ್ಟು ಮಾಡುತ್ತೇವೆ, ಮಾಡುವುದಕ್ಕಾಗಿ ಬದುಕುವುದಿಲ್ಲವೆಂಬುದು ಅವರ ನಿಲುವಿನ ಸಾರ. ಮಠದ ಕಟ್ಟಡದ ಖರ್ಚಿಗಾಗಿ 2011 ಮತ್ತು 2012ರಲ್ಲಿ ಒಂದಿಷ್ಟು ಹೊರಗಿನ ಅಂಗಡಿಗಳಿಗೆ ಹೋದದ್ದುಂಟು. 2018ರಲ್ಲಿ ನೆದರ್ಲೆಂಡಿನ ಅಂಗಡಿಗಳವರು ಅಪ್ಪಣೆಯಿಲ್ಲದೆ ಬಾಟಲಿಗೆ ಸುಮಾರು 10 ಯೂರೋದಂತೆ ಮಾರಿದಾಗ ಸನ್ಯಾಸಿಗಳು ನೊಂದುಕೊಂಡರು. ಬೇಕಾದವನು ತಾನೇ ಬರಲಿ ಎನ್ನುವ ಈ ವಸ್ತುವಿಗಾಗಿ ಕಡಲು ದಾಟಿದವನನ್ನು ಕುಡುಕನೆನ್ನಲು ನನ್ನ ಮನಸ್ಸು ಒಪ್ಪದು.

ಆ ಹಳ್ಳಿಯಿಂದ ಈಪ್ರ್ ಪಟ್ಟಣ ಬಹು ದೂರವಲ್ಲ. ಅಲ್ಲಿಯ ಮೆನಿನ್ ದ್ವಾರದಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಸತ್ತು ಗೋರಿಯೂ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. 1914ರ ಅಕ್ಟೋಬರಿನಲ್ಲಿ ಹೊರನಾಡಿನ ಆ ಕೆಸರಿಗೆ ಬಂದಿಳಿದ ಭಾರತೀಯ ಸಿಪಾಯಿಗಳ ಹೆಸರುಗಳೂ ಇವೆ. ದಿನವೂ ರಾತ್ರಿ 8 ಗಂಟೆಗೆ ಅಲ್ಲಿ ಕಹಳೆಯೂದುತ್ತಾರೆ. ಬಿಯರಿಗೆಂದು ಹೋದವನು ಆ ಹೊತ್ತಿಗೆ ಅಲ್ಲಿ ನಿಂತರೆ ಅವನ ಪ್ರವಾಸದ ತೂಕ ಬೇರೆಯೇ ಆಗುತ್ತದೆ.

ಇಂತಹ ಯಾತ್ರೆಗೆ ತಕ್ಕ ವಾಹನವೆಂದರೆ ಹಡಗು, ಅದರಲ್ಲಿಯೂ ಕಾಲ್ನಡೆಯವರನ್ನು ಒಯ್ಯುವ ಹಡಗು. 1846ರಲ್ಲಿ ಡೋವರ್ ಮತ್ತು ಆಸ್ಟೆಂಡ್ ನಡುವೆ ಆರಂಭವಾದ ಬೆಲ್ಜಿಯಂ ಸರಕಾರದ ಹಡಗುಗಳು ಪ್ರಯಾಣಿಕನನ್ನು ರೈಲು ನಿಲ್ದಾಣದ ಮಗ್ಗುಲಲ್ಲೇ ಇಳಿಸುತ್ತಿದ್ದವು. ಅಲ್ಲಿಂದ ಬ್ರೂಜ್ ನಗರಕ್ಕೆ ಕಾಲು ಗಂಟೆಯ ದಾರಿ. ಕುಡಿದವನು ಚಕ್ರ ಹಿಡಿಯಬೇಕಾದ ಪ್ರಸಂಗವೇ ಇಲ್ಲ. ಆ ದಾರಿ 1990ರ ದಶಕದಲ್ಲಿ ರಾಮ್ಸ್‌ಗೇಟಿಗೆ ಸರಿದು, 2013ರಲ್ಲಿ ಅದೂ ಮುಚ್ಚಿತು. ಹಲ್ಲಿನಿಂದ ಝೀಬ್ರುಗ್ಗಿಗೆ ಹೋಗುತ್ತಿದ್ದ ರಾತ್ರಿಯ ಹಡಗು 2021ರ ಜನವರಿಯಲ್ಲಿ ನಿಂತಿತು. 1994ರಲ್ಲಿ ತೆರೆದ ಸುರಂಗದ ರೈಲು ಎರಡು ಗಂಟೆಯಲ್ಲಿ ಲಂಡನ್ನಿನಿಂದ ಬ್ರಸೆಲ್ಸಿಗೆ ಮುಟ್ಟಿಸುತ್ತದೆ, ಇನ್ನೇನು ಬೇಕು ಎಂದು ವಾದಿಸಬಹುದು. ಲ್ಯಾಂಬಿಕ್ಕಿಗೆ ಅದು ಸಾಕು. ಕಡಲತಡಿಯ ಫ್ಲಾಂಡರ್ಸಿಗೆ ಅದು ಸುತ್ತುದಾರಿ. ಈಗ ಉಳಿದಿರುವ ಹತ್ತಿರದ ದಾರಿ ಡೋವರಿನಿಂದ ಫ್ರಾನ್ಸಿನ ಡನ್‌ಕರ್ಕಿಗೆ ಎರಡು ಗಂಟೆ. ಅಲ್ಲಿಂದ ಆ ಮಠಕ್ಕೆ ಒಂದು ಗಂಟೆಯೂ ಬೇಡ. ಆದರೆ ಆ ಹಡಗು ವಾಹನವಿಲ್ಲದವನನ್ನು ಹತ್ತಿಸಿಕೊಳ್ಳದು. ಎಂದರೆ ಕುಡಿಯಹೊರಟವನಿಗೆ ಕಾರನ್ನು ಕಡ್ಡಾಯ ಮಾಡಿದಂತಾಯಿತು, ಅದೂ ರಸ್ತೆಯ ಮೇಲೆ ಇಂಗ್ಲೆಂಡಿಗಿಂತ ಬಿಗಿಯಾದ ಮಿತಿಯಿರುವ ಬೆಲ್ಜಿಯಮಿಗೆ. ಬಂದರುಗಳವರೂ ಹಡಗಿನವರೂ ವಾಹನಗಳ ಲೆಕ್ಕವನ್ನು ಬಿಟ್ಟು ಮನುಷ್ಯರ ಲೆಕ್ಕವನ್ನು ಕೊಂಚ ನೋಡಿದರೆ, ದಿನಕ್ಕೊಂದು ಸಲವಾದರೂ ಚೀಲ ಹೆಗಲಿಗೇರಿಸಿ ಬಂದವನಿಗೆ ಜಾಗ ಕೊಡುವುದು ಅಸಾಧ್ಯವಾಗಲಾರದು.

ಅಲ್ಲಿಯವರೆಗೆ ಜತೆಗಾರರಲ್ಲೊಬ್ಬ ಕುಡಿಯದೆ ಕಾರು ನಡೆಸಬೇಕು. ಮಠದ ಎದುರಿನ ಪಾನಗೃಹದಲ್ಲಿ ಅವನಿಗಾಗಿ ಮಠದ ಚೀಸ್ ಇದೆ.