ನವೋದಯ ಪರೀಕ್ಷೆ: ಮಗುವಿಗೆ ನಾವು ಕಲಿಸುವ ಮೊದಲ ಪಾಠ



ಎರಡು ವರ್ಷದ ಹಿಂದೆ ಶ್ರಾವಣದ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವಾಗ, ಪರಿಚಯದ ದಂಪತಿಗಳು ನನ್ನನ್ನು ಮಠದ ಅಂಗಳದಲ್ಲಿ ತಡೆದರು. "ಸಾಹೇಬ್ರ, ನಮ್ಮ ಹುಡುಗ ಐದನೇತ್ತ ಅದಾನ್ರಿ. ನವೋದಯ ಪರೀಕ್ಷೆಗೆ ಪಟ್ಟಣದ ಕೋಚಿಂಗ್ ಹಾಸ್ಟೆಲ್‌ನ್ಯಾಗ ಬಿಡಬೇಕಂತ ಮಾಡೀವಿ. ಇಲ್ಲಿ ಸಾಲಿ ಹಾಜರಿ ಪುಸ್ತಕದಾಗ ಹೆಸರು ಹಂಗ ನಡೀಲಿ ಅಂತ ಹೆಡ್‌ಮಾಸ್ತರಿಗೆ ನೀವೊಂದು ಮಾತು ಹೇಳ್ರಿ" ಎಂದರು.

ಅವರು ಕೆಟ್ಟವರಲ್ಲ. ನಿತ್ಯ ಲಿಂಗಪೂಜೆ ಮಾಡುವವರು, ದಾಸೋಹಕ್ಕೆ ಜೋಳ ಕೊಡುವವರು. ಆದರೂ ಅವರು ಕೇಳಿದ್ದು ಒಂದು ಸುಳ್ಳನ್ನು. ಇಂಥ ಸುಳ್ಳು ನಮ್ಮ ಊರುಗಳಲ್ಲಿ ರೂಢಿಯಾಗುತ್ತಿದೆ ಎಂಬ ಕಾರಣಕ್ಕೇ ಈ ಮಾತು ಬರೆಯುತ್ತಿದ್ದೇನೆ.

ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಹಳ್ಳಿಯ ಪ್ರತಿಭೆಗಾಗಿ ಬೆಳೆದ ಶಾಲೆಗಳು. ಆರನೆಯ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು. ಅದರಲ್ಲಿ ಶೇಕಡ 75 ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಮೀಸಲಾತಿ ಬೇಕಾದರೆ ಮಗು 3, 4, 5ನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಪೂರ್ತಿ ಓದಿರಬೇಕು. ಹೀಗಾಗಿ ಮಗು ಪಟ್ಟಣದಲ್ಲಿ, ಅದರ ಹೆಸರು ಹಳ್ಳಿಯ ಹಾಜರಿಯಲ್ಲಿ. ಪಟ್ಟಣದಲ್ಲಿ ದುಡ್ಡು ಕೊಟ್ಟು ತಯಾರಾದ ಮಗು, ನಿಜವಾಗಿ ಹಳ್ಳಿಯಲ್ಲೇ ಉಳಿದ ಬಡವರ ಮಗುವಿನ ಪಾಲನ್ನು ತೆಗೆದುಕೊಳ್ಳುತ್ತದೆ.

ನಾನು ಸರ್ಕಾರಿ ಎಂಜಿನಿಯರನಾಗಿ ಬಹಳ ವರ್ಷ ಅಳತೆ ಪುಸ್ತಕಕ್ಕೆ ಸಹಿ ಹಾಕಿದವನು. ಅಳೆಯದೆ ಬರೆದ ಅಳತೆ ಏನು ಮಾಡುತ್ತದೆಂದು ಬಲ್ಲೆ. ಬಿಲ್ಲು ಪಾಸಾಗುತ್ತದೆ, ಮೂರನೆಯ ಮಳೆಗಾಲಕ್ಕೆ ಗೋಡೆ ಬಿರುಕು ಬಿಡುತ್ತದೆ. ಹತ್ತು ವರ್ಷದ ಮಗುವಿಗೂ ತಾನು ಎಲ್ಲಿದ್ದೇನೆ, ಪುಸ್ತಕದಲ್ಲಿ ಏನು ಬರೆದಿದ್ದಾರೆ ಎಂಬುದು ಗೊತ್ತಿರುತ್ತದೆ. ಓದಿನ ಹೆಸರಿನಲ್ಲಿ ಅಪ್ಪ ಅವ್ವ ಕಲಿಸಿದ ಮೊದಲ ಪಾಠ ಸುಳ್ಳಾದರೆ, ಮುಂದೆ ನಾವು ಹೇಳುವ ಬಸವತತ್ವ ಅದರ ಕಿವಿಗೆ ಹೇಗೆ ಇಳಿದೀತು?

ಹೆಡ್‌ಮಾಸ್ತರರಿಗೆ ಹೇಳಲಾರೆ ಎಂದೆ. ಬದಲಿಗೆ, "ಸಂಜೆ ಆರಕ್ಕೆ ಹುಡುಗನನ್ನು ನಮ್ಮ ಕಟ್ಟೆಗೆ ಕಳಿಸಿರಿ, ನಾನು ಕೂರುತ್ತೇನೆ" ಎಂದೆ. ಓಣಿಯ ಇನ್ನೂ ನಾಲ್ವರು ಐದನೆಯ ತರಗತಿಯ ಮಕ್ಕಳನ್ನೂ ಕರೆದೆ. ಯಾರ ಮಕ್ಕಳೆಂದು ಕೇಳಲಿಲ್ಲ. ಅವರಲ್ಲಿ ಒಬ್ಬಳು ಗೌಂಡಿ ಕೆಲಸದವರ ಮಗಳು. ನವೋದಯಕ್ಕೆ ಅರ್ಜಿ ಹಾಕಲು ಶುಲ್ಕವಿಲ್ಲ ಎಂಬುದೇ ಅವಳ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಈ ಪರೀಕ್ಷೆಗೆ ಕೋಚಿಂಗಿನ ದೊಡ್ಡ ಗುಟ್ಟೇನೂ ಇಲ್ಲ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಬೌದ್ಧಿಕ ಸಾಮರ್ಥ್ಯದ 40, ಗಣಿತದ 20, ಭಾಷೆಯ 20 ಪ್ರಶ್ನೆಗಳು. ಕನ್ನಡದಲ್ಲೇ ಬರೆಯಬಹುದು. ಮೊದಲ ಭಾಗವೆಲ್ಲ ಚಿತ್ರಗಳು. ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಹಳೆಯ ಪೇಪರು, ಕತ್ತರಿ ಸಾಕು. ಕನ್ನಡಿ ಬಿಂಬಕ್ಕೆ ಮನೆಯ ಕನ್ನಡಿ, ಚಿತ್ರದೊಳಗೆ ಅಡಗಿದ ಚಿತ್ರ ಹುಡುಕಲು ಅಂಗಳದ ರಂಗೋಲಿ. ಭಿನ್ನರಾಶಿಯನ್ನು ರೊಟ್ಟಿ ಮುರಿದು, ಲಾಭ ನಷ್ಟವನ್ನು ಸಂತೆಯ ಲೆಕ್ಕದಿಂದ ಕಲಿತರು. ಭಾಷೆಗೆ ಒಂದು ಪುಟ ಗಟ್ಟಿಯಾಗಿ ಓದಿ, ತಮ್ಮ ಮಾತಿನಲ್ಲಿ ಹೇಳಬೇಕು.

ತಪ್ಪಾದಾಗ ಬೈಯಲಿಲ್ಲ. ಗೊತ್ತಿಲ್ಲದೆ ತಪ್ಪಿತೋ, ಪ್ರಶ್ನೆ ಸರಿಯಾಗಿ ಓದದೆ ತಪ್ಪಿತೋ, ಗೊತ್ತಿದ್ದೂ ಉತ್ತರದ ಹಾಳೆಯಲ್ಲಿ ಬೇರೆ ಸುತ್ತು ತುಂಬಿ ತಪ್ಪಿತೋ ಎಂದು ಮಕ್ಕಳೇ ಮೂರು ಸಾಲು ಮಾಡಿ ಬರೆದರು. ಮದ್ದು ಮೂರಕ್ಕೂ ಬೇರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎಂದು ಹೇಳಿಕೊಟ್ಟೆ. ದಿನಕ್ಕೆ ಒಂದೇ ಗಂಟೆ. ಕೂರುವ ಮೊದಲು ಎರಡು ನಿಮಿಷ ಕಣ್ಣು ಮುಚ್ಚಿ ಮೌನ. ನನ್ನ ಮಗನಿಗೆ ನಾನು ಈ ಒಂದು ಗಂಟೆ ಕೊಟ್ಟಿರಲಿಲ್ಲ. ಅಂಕಪಟ್ಟಿ ಬಂದ ದಿನ ಬೈಗುಳ ಮಾತ್ರ ಕೊಟ್ಟಿದ್ದೆ. ಆ ನೋವು ಈಗಲೂ ಇದೆ.

ಫಲಿತಾಂಶ ಬಂತು. ಐವರಲ್ಲಿ ಗೌಂಡಿಯವರ ಮಗಳು ಮಾತ್ರ ಆಯ್ಕೆಯಾದಳು. ಆ ದಂಪತಿಗಳ ಮಗ ಆಗಲಿಲ್ಲ. ನವೋದಯದ ಆರನೆಯ ತರಗತಿಯ ಪರೀಕ್ಷೆಯನ್ನು ಎರಡನೆಯ ಸಲ ಬರೆಯಲು ಬರುವುದಿಲ್ಲ. "ಪಟ್ಟಣಕ್ಕ ಕಳಿಸಿದ್ರ ಆಗ್ತಿತ್ತು" ಎಂದು ತಂದೆ ನನ್ನೊಡನೆ ಬಹುದಿನ ಮಾತು ಬಿಟ್ಟಿದ್ದರು. ಆಗುತ್ತಿತ್ತೇನೋ, ಅಲ್ಲವೆಂದು ನಾನು ವಾದಿಸಲಾರೆ. ಆದರೆ ಹುಡುಗ ಮಾತ್ರ ಕಟ್ಟೆ ಬಿಡಲಿಲ್ಲ. ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯುತ್ತಾನಂತೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿದ್ದರೆ ಅದನ್ನು ಬರೆಯಬಹುದು. ಆಯ್ಕೆಯಾದರೆ 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಒಂದು ಬಾಗಿಲು ಮುಚ್ಚಿದರೆ ಓದು ಮುಗಿಯಿತೆಂದಲ್ಲ ಎಂದು ಅವನಿಗೆ ತಿಳಿದಿದೆ.

ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ನೀಡಿದರು. ನಾವು ಅಷ್ಟು ದೊಡ್ಡವರಾಗಬೇಕಿಲ್ಲ. ನಮ್ಮ ಮಠಗಳ, ಬಸವ ಕೇಂದ್ರಗಳ ಸಭಾಭವನಗಳು ಸಂಜೆ ಖಾಲಿ ಇರುತ್ತವೆ. ನಿವೃತ್ತ ಶಿಕ್ಷಕರು, ನೌಕರರು ಪ್ರತಿ ಊರಿನಲ್ಲಿದ್ದೇವೆ. ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೆ: ಜೂನ್‌ನಿಂದಲೇ ಸಂಜೆ ಒಂದು ಗಂಟೆ ಆ ಬಾಗಿಲು ತೆರೆಸಿರಿ. ಊರಿನ ಐದನೆಯ ಮತ್ತು ಎಂಟನೆಯ ತರಗತಿಯ ಎಲ್ಲ ಮಕ್ಕಳೂ ಬರಲಿ. ಅರ್ಜಿ ತುಂಬಲು ಯಾರಾದರೂ ನೆರವಾಗಲಿ. ಇದು ಅರಿವಿನ ದಾಸೋಹ.

ತಂದೆತಾಯಿಗಳಲ್ಲಿ ಒಂದು ಮಾತು. ಮಗು ಎಲ್ಲಿದೆಯೋ ಹಾಜರಿ ಅಲ್ಲಿಯೇ ಇರಲಿ. ಸೀಟು ತಪ್ಪಿದರೆ ಬೇರೆ ಶಾಲೆ ಇದೆ. ಸತ್ಯದ ಮೇಲಿನ ನಂಬಿಕೆ ಹತ್ತನೆಯ ವಯಸ್ಸಿಗೇ ತಪ್ಪಿದರೆ ಅದನ್ನು ಮರಳಿ ಕೊಡುವ ಪರೀಕ್ಷೆ ಯಾವುದೂ ಇಲ್ಲ.